ಕಾರಿನ ಆಯಿಲ್ ಬೈಕಿಗೆ ಹಾಕಿಸಬೇಡಿ: ಅಣ್ಣಿಗೇರಿ ದಾರಿಯಲ್ಲಿ ನನಗಾದದ್ದು

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ದಿನಾ ಬೈಕ್ ಓಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮುಂದಿನ ಸರ್ವಿಸ್‌ಗೆ ಗಾಡಿ ಬಿಡುವ ಮೊದಲೇ ಓದಿ. ಆಯಿಲ್ ವಿಷಯದಲ್ಲಿ ನಾನು ಒಬ್ಬರ ಮಾತು ನಂಬಿದೆ. ಕ್ಲಚ್ ಪ್ಲೇಟ್ ಸುಟ್ಟುಹೋಯಿತು, ಮೂರೂವರೆ ಸಾವಿರ ಕೈಬಿಟ್ಟಿತು. ದುಡ್ಡು ಹೋಗಲಿ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಲಾರಿಯ ಪಕ್ಕದಲ್ಲಿ ಸಿಕ್ಕಿಕೊಂಡ ಆ ನಾಲ್ಕೈದು ಸೆಕೆಂಡು ಇವತ್ತಿಗೂ ರಾತ್ರಿ ನೆನಪಾಗುತ್ತದೆ.

ನನ್ನದು 125 ಸಿಸಿ ಗಾಡಿ, ಆರು ವರ್ಷ ಹಳೆಯದು. ಮನೆ ಹಳೇ ಹುಬ್ಬಳ್ಳಿಯಲ್ಲಿ, ಕೆಲಸ ಗದಗಿನಲ್ಲಿ. ವಾರಕ್ಕೆ ಮೂರ್ನಾಲ್ಕು ದಿನ ಗಾಡಿ ಮೇಲೇ ಹೋಗಿ ಬರುತ್ತೇನೆ. ಒಂದು ಕಡೆಗೆ ಅರವತ್ತು ಕಿಲೋಮೀಟರ್ ಹತ್ತಿರ ಆಗುತ್ತದೆ. ಆ ರಸ್ತೆ ಗೊತ್ತಿದ್ದವರಿಗೆ ಗೊತ್ತು, ಎರಡೂ ಕಡೆ ಬಯಲು, ಎರಿ ಹೊಲ. ಬೇಸಿಗೆಯಲ್ಲಿ ನೆರಳು ಅಂತ ಸಿಗುವುದೇ ಕಷ್ಟ. ಎದುರುಗಾಳಿ ಬೇರೆ.

ಈ ಏಪ್ರಿಲ್ ಮೊದಲ ವಾರ ಆಯಿಲ್ ಬದಲಿಸುವ ಸಮಯ ಬಂತು. ನಾನು ಯಾವಾಗಲೂ ಹೋಗುವ ಗ್ಯಾರೇಜ್ ಅವತ್ತು ಮುಚ್ಚಿತ್ತು. ಇನ್ನೊಂದು ಕಡೆ ಹೋದೆ. ಅದರ ಹೆಸರು ಬರೆಯುವುದಿಲ್ಲ. ಅವರು ಮೋಸ ಮಾಡಿದರು ಅಂತ ನನಗೆ ಅನಿಸಿಲ್ಲ, ಗೊತ್ತಿಲ್ಲದೆ ಮಾಡಿದರು. ಹಳೆ ಆಯಿಲ್ ಇಳಿಸಿ ಆದ ಮೇಲೆ ಹುಡುಗ ಬಂದು ಹೇಳಿದ:

"ಸರ, ಬೈಕಿನ ಆಯಿಲ್ ಖಾಲಿ ಆಗೇತ್ರಿ. ಇದನ್ನ ಹಾಕ್ಲೇನು? ಕಾರಿಗೆ ಹಾಕೂದು, ಫುಲ್ ಸಿಂಥೆಟಿಕ್. ರೇಟ್ ಡಬಲ್ ಐತಿ, ಆದ್ರ ಈ ಬಿಸಲಾಗ ಎಂಜಿನ್ ತಣ್ಣಗ ಇರ್ತೈತಿ ನೋಡ್ರಿ."

ಕಾರಿಗೆ ಹಾಕುವುದು, ದುಬಾರಿ, ಸಿಂಥೆಟಿಕ್. ಮೂರೂ ಒಳ್ಳೆಯ ಮಾತೇ ಅಲ್ವಾ? ಆಯಿತು ಹಾಕು ಅಂದೆ. ಒಂದು ಲೀಟರ್ ಕ್ಯಾನ್‌ನಲ್ಲಿ ಸ್ವಲ್ಪ ಉಳಿಯಿತು. ಅದನ್ನು ನನ್ನ ಸೈಡ್ ಬಾಕ್ಸ್‌ನಲ್ಲೇ ಇಟ್ಟುಕೊಟ್ಟ. ಆ ಕ್ಯಾನ್ ನನ್ನ ಹತ್ತಿರ ಉಳಿದದ್ದೇ ಮುಂದೆ ಉಪಯೋಗಕ್ಕೆ ಬಂತು.

ಮೊದಲ ಎರಡು ದಿನ ಗಾಡಿ ನಿಜಕ್ಕೂ ಚೆನ್ನಾಗಿ ಓಡಿತು. ಗೇರ್ ಮೆತ್ತಗೆ ಬೀಳುತ್ತಿತ್ತು, ಸದ್ದು ಕಡಿಮೆ ಅನಿಸುತ್ತಿತ್ತು. ಮೂರನೇ ದಿನ ಉಣಕಲ್ ಏರಿನಲ್ಲಿ ಏನೋ ಬೇರೆ ಅನಿಸಿತು. ರೇಸ್ ಕೊಟ್ಟರೆ ಎಂಜಿನ್ ಸದ್ದು ಮೇಲೆ ಹೋಗುತ್ತದೆ, ಗಾಡಿ ಮಾತ್ರ ತಡವಾಗಿ ಏಳುತ್ತದೆ. ಕ್ಲಚ್ ಕೇಬಲ್ ಬಿಗಿಯಾಗಿರಬೇಕು ಅಂದುಕೊಂಡು ಅದನ್ನು ಸಡಿಲ ಮಾಡಿದೆ. ನನ್ನ ಗಾಡಿಯಲ್ಲಿ ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸುಮ್ನೆ ಆಡಬೇಕು, ಅಷ್ಟು ಬಿಟ್ಟೆ. ಒಂದು ದಿನ ಸರಿಹೋದಂತೆ ಕಂಡಿತು. ಅಲ್ಲಿಗೇ ಬಿಟ್ಟೆ. ಅವತ್ತೇ ಆಯಿಲ್ ಬಗ್ಗೆ ಯೋಚನೆ ಬಂದಿದ್ದರೆ ಪ್ಲೇಟ್ ಉಳಿಯುತ್ತಿದ್ದವು.

ಆರನೇ ದಿನ ಗದಗಿನಲ್ಲಿ ನೆಂಟರ ಮನೆಯ ಕಾರ್ಯಕ್ರಮ. ಹೆಂಡತಿಯೂ ಜೊತೆಗಿದ್ದಳು. ಬೆಳಿಗ್ಗೆ ಹನ್ನೊಂದರ ಬಿಸಿಲು. ಅಣ್ಣಿಗೇರಿ ಇನ್ನೂ ಮುಂದಿತ್ತು. ನಮ್ಮ ಮುಂದೆ ಹತ್ತಿ ತುಂಬಿದ ಲಾರಿ ನಿಧಾನಕ್ಕೆ ಹೋಗುತ್ತಿತ್ತು. ಎದುರಿನ ರಸ್ತೆ ಖಾಲಿ ನೋಡಿಕೊಂಡೇ ಓವರ್‌ಟೇಕ್‌ಗೆ ಹೊರಬಿದ್ದೆ. ಅರ್ಧ ಲಾರಿ ದಾಟಿದ ಮೇಲೆ ದೂರದಲ್ಲಿ ಬಸ್ ಕಂಡಿತು. ಪೂರ್ತಿ ರೇಸ್ ಕೊಟ್ಟೆ. ಎಂಜಿನ್ ಕಿರುಚಿತು. ಮುಳ್ಳು 55ರಿಂದ ಮೇಲೆ ಏಳಲಿಲ್ಲ. ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟ ಹಾಗೆ. ಮುಂದೆ ಹೋಗಲು ಆಗುತ್ತಿಲ್ಲ, ಪಕ್ಕದಲ್ಲಿ ಲಾರಿಯ ಚಕ್ರ ತಿರುಗುತ್ತಿದೆ, ಎದುರಿನ ಬಸ್ ಲೈಟ್ ಹಾಕುತ್ತಿದೆ. ಬ್ರೇಕ್ ಹಿಡಿದು ಲಾರಿಯ ಹಿಂದಕ್ಕೆ ಬಂದೆ. ಹೆಂಡತಿ ನನ್ನ ಅಂಗಿಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳು ಅಂದರೆ ಒಂದು ಗುಂಡಿ ಕಿತ್ತುಬಂದಿತ್ತು.

ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಘಾಟಿನಲ್ಲಿ ಲಾರಿಗಳ ಬ್ರೇಕ್ ಕಾದಾಗ ಬರುವ ವಾಸನೆ ಅದು. ಎಂಜಿನ್ನಿನ ಬಲಗಡೆಯ ಕವರ್ ಹತ್ತಿರ ಕೈ ತಂದರೆ ಝಳ ಅಂಗೈಗೆ ರಾಚುತ್ತಿತ್ತು. ಆ ಗಾಡಿ ಆರು ವರ್ಷದಲ್ಲಿ ಎಂದೂ ಅಷ್ಟು ಕಾದಿರಲಿಲ್ಲ.

ಮುಕ್ಕಾಲು ಗಂಟೆ ಬಿಟ್ಟು, ಮೂವತ್ತರ ಸ್ಪೀಡಿನಲ್ಲಿ ಅಣ್ಣಿಗೇರಿ ಮುಟ್ಟಿದೆವು. ಹೆಂಡತಿಯನ್ನು ಗದಗಿನ ಬಸ್ಸಿಗೆ ಹತ್ತಿಸಿ ನಾನು ಅಲ್ಲೇ ಒಬ್ಬ ಹಿರಿಯ ಮಿಸ್ತ್ರಿಯ ಹತ್ತಿರ ಗಾಡಿ ತಂದೆ. ಅವರು ಮೊದಲು ಕೇಬಲ್ ನೋಡಿದರು. ಆಮೇಲೆ ಡ್ರೇನ್ ಬೋಲ್ಟ್ ಬಿಚ್ಚಿ ಆಯಿಲ್ ಇಳಿಸಿದರು. ಆರು ದಿನದ ಆಯಿಲ್ ಆರು ತಿಂಗಳಿನ ಆಯಿಲ್‌ನಂತೆ ಕಪ್ಪಾಗಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿ ಕೇಳಿದರು: "ಎಣ್ಣಿ ಯಾವ್ದು ಹಾಕಿಸೀರಿ ತಮ್ಮಾ?"

ಸೈಡ್ ಬಾಕ್ಸ್‌ನಿಂದ ಕ್ಯಾನ್ ತೆಗೆದುಕೊಟ್ಟೆ. ಅವರು ಮುಂಭಾಗ ನೋಡಲೇ ಇಲ್ಲ. ನೇರವಾಗಿ ಹಿಂದೆ ತಿರುಗಿಸಿದರು. "ಇದರಾಗ ಜಾಸೊ ಇಲ್ಲ" ಅಂದರು. ಜಾಸೊ ಅಂದರೆ ಬೈಕಿನ ಆಯಿಲ್ ಕ್ಯಾನ್ ಮೇಲೆ ಇರಬೇಕಾದ ಒಂದು ಗುರುತು, ಮುಂದೆ ಹೇಳುತ್ತೇನೆ. ಅವರು ಹೇಳಿದ್ದು ಅಷ್ಟೇ. ಕ್ಲಚ್ ಕವರ್ ಬಿಚ್ಚಲು ಕುಳಿತರು.

ಪ್ಲೇಟ್‌ಗಳನ್ನು ಒಂದೊಂದಾಗಿ ತೆಗೆದು ಹಳೆ ಪೇಪರ್ ಮೇಲೆ ಸಾಲಾಗಿ ಇಟ್ಟರು. ಹೊಸ ಪ್ಲೇಟ್ ಒಂದನ್ನು ಪಕ್ಕದಲ್ಲಿ ಇಟ್ಟು ತೋರಿಸಿದರು. ಹೊಸದು ಕಂದು ಬಣ್ಣ, ಬೆರಳಾಡಿಸಿದರೆ ಹಾಳೆಯಂತೆ ಸ್ವಲ್ಪ ತರಿ ತರಿ. ನನ್ನದು ಕಪ್ಪಾಗಿ, ಗಾಜಿನಂತೆ ಹೊಳೆಯುತ್ತಿತ್ತು, ಬೆರಳು ಜಾರುತ್ತಿತ್ತು. ನಡುವೆ ಬರುವ ಉಕ್ಕಿನ ಪ್ಲೇಟ್‌ಗಳ ಮೇಲೆ ನೀಲಿ ಬಣ್ಣದ ಕಲೆ. ಉಕ್ಕು ತುಂಬಾ ಕಾದರೆ ಬರುವ ನೀಲಿ ಅದು.

ಅವರು ವಿವರಿಸಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು ಸೇರಿಸಿ ಹೇಳುತ್ತೇನೆ. ಕಾರಿನಲ್ಲಿ ಎಂಜಿನ್ ಆಯಿಲ್‌ಗೂ ಕ್ಲಚ್‌ಗೂ ಸಂಬಂಧವಿಲ್ಲ. ಕ್ಲಚ್ ಹೊರಗೆ ಒಣಗಿಯೇ ಇರುತ್ತದೆ, ಗೇರ್‌ಬಾಕ್ಸ್‌ಗೆ ಬೇರೆ ಆಯಿಲ್. ನಮ್ಮ ಬೈಕ್‌ಗಳಲ್ಲಿ ಹಾಗಲ್ಲ. ಪಿಸ್ಟನ್‌ಗೂ, ಗೇರ್‌ಗೂ, ಕ್ಲಚ್‌ಗೂ ಅದೇ ಒಂದು ಲೀಟರ್ ಆಯಿಲ್. ಕ್ಲಚ್ ಪ್ಲೇಟ್ ಸದಾ ಆಯಿಲ್‌ನಲ್ಲೇ ನೆನೆಯುತ್ತಿರುತ್ತವೆ. ನೆನೆದೂ ಒಂದನ್ನೊಂದು ಗಟ್ಟಿಯಾಗಿ ಕಚ್ಚಿ ಹಿಡಿಯಬೇಕು. ಪೆಟ್ರೋಲ್ ಕಾರುಗಳ ತೆಳು ಆಯಿಲ್‌ಗಳಿಗೆ ಮೈಲೇಜ್ ಜಾಸ್ತಿ ಬರಲಿ ಅಂತ ತಿಕ್ಕಾಟ ಕಡಿಮೆ ಮಾಡುವ ರಾಸಾಯನಿಕ ಸೇರಿಸಿರುತ್ತಾರೆ, ಮಾಲಿಬ್ಡಿನಮ್ ಅಂಥದ್ದು. ಕಾರಿನ ಎಂಜಿನ್‌ಗೆ ಅದು ಒಳ್ಳೆಯದು. ಬೈಕಿನ ಕ್ಲಚ್‌ಗೆ ಮಾತ್ರ ಸಾಬೂನು ಹಚ್ಚಿದ ಹಾಗೆ. ಪ್ಲೇಟ್ ಜಾರುತ್ತವೆ.

ಜಾರಿದರೆ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವುದಿಲ್ಲ, ಅಲ್ಲೇ ಬಿಸಿಯಾಗುತ್ತದೆ. ಆ ಬಿಸಿಯನ್ನು ಆಯಿಲ್ ಹೀರಿಕೊಂಡು ಇಡೀ ಎಂಜಿನ್ನಿಗೆ ಸುತ್ತಿಸುತ್ತದೆ. ನನ್ನ ಗಾಡಿಗೆ ರೇಡಿಯೇಟರ್ ಇಲ್ಲ. ಬಿಸಿ ಹೊರಗೆ ಹೋಗಬೇಕಾದರೆ ಗಾಳಿಯೇ ಗತಿ. ಆಯಿಲ್ ಕಾದಷ್ಟೂ ತೆಳುವಾಗುತ್ತದೆ, ತೆಳುವಾದಷ್ಟೂ ಬೇರಿಂಗ್ ಮೇಲೆ, ಪಿಸ್ಟನ್ ಮೇಲೆ ಇರುವ ಪದರ ಕಡಿಮೆಯಾಗುತ್ತದೆ. ಎಂಜಿನ್ ತಣ್ಣಗಿರಲಿ ಅಂತ ಹಾಕಿಸಿದ ಆಯಿಲ್ ಎಂಜಿನ್ನನ್ನೇ ಕಾಯಿಸಿತು.

ಇದನ್ನು ಕೇಳಿದ ಕೆಲವರು "ಆಯಿಲ್ ತೆಳುವಾಗಿತ್ತು, ಅದಕ್ಕೇ ಹೀಗಾಯಿತು" ಅಂದರು. ಅದು ತಪ್ಪು. ನನಗೆ ಹಾಕಿದ್ದು 5ಡಬ್ಲ್ಯು-30. ನನ್ನ ಗಾಡಿಯ ಪುಸ್ತಕದಲ್ಲಿ ಬರೆದದ್ದು 10ಡಬ್ಲ್ಯು-30. ಕೊನೆಯ 30 ಎರಡರಲ್ಲೂ ಒಂದೇ. ಅದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಇರುತ್ತದೆ ಅನ್ನುವ ಲೆಕ್ಕ. ಗಾಡಿ ಓಡುವಾಗ ಆಯಿಲ್ ಹೆಚ್ಚುಕಡಿಮೆ ಆ ಬಿಸಿಯಲ್ಲೇ ಇರುತ್ತದೆ. ಡಬ್ಲ್ಯು ಪಕ್ಕದ ಅಂಕಿ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗಿನದು. 5ಡಬ್ಲ್ಯು ಆಯಿಲನ್ನು ಪರೀಕ್ಷೆ ಮಾಡುವುದು ಮೈನಸ್ 30 ಡಿಗ್ರಿಯಲ್ಲಿ. ಗದಗಿನಲ್ಲಿ ಆ ಚಳಿ ಯಾವ ಜನ್ಮಕ್ಕೂ ಬರುವುದಿಲ್ಲ. ಅಂದರೆ ಬಿಸಿಯಾದಾಗ ಎರಡೂ ಹೆಚ್ಚುಕಡಿಮೆ ಒಂದೇ ದಪ್ಪ. ಕೆಡಿಸಿದ್ದು ದಪ್ಪ ತೆಳುವಲ್ಲ, ಒಳಗೆ ಬೆರೆಸಿದ ಪದಾರ್ಥ. ಸಿಂಥೆಟಿಕ್ ಅನ್ನುವುದೂ ತಪ್ಪಲ್ಲ. ಬೈಕಿಗೆಂದೇ ಮಾಡಿದ ಸಿಂಥೆಟಿಕ್ ಆಯಿಲ್ ಬೇಕಾದಷ್ಟಿವೆ.

ಹಾಗಾಗಿ ಕ್ಯಾನ್ ತೆಗೆದುಕೊಂಡು ಹಿಂದೆ ತಿರುಗಿಸಿ ನೋಡಿ. ಜೆ, ಎ, ಎಸ್, ಒ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಇರಬೇಕು (ಮಿಸ್ತ್ರಿ ಹೇಳಿದ ಜಾಸೊ ಇದೇ), ಅದರ ಜೊತೆ ಎಂಎ ಅಥವಾ ಎಂಎ2 ಅಂತ ಇರಬೇಕು. ಇದು ಜಪಾನಿನವರು ಮಾಡಿದ ಗುರುತು. ಈ ಆಯಿಲ್‌ನಲ್ಲಿ ನೆನೆದ ಕ್ಲಚ್ ಜಾರುವುದಿಲ್ಲ ಅಂತ ಅರ್ಥ. ಎಂಬಿ ಅಂತ ಇದ್ದರೆ ಬಿಟ್ಟುಬಿಡಿ, ಅದು ಸ್ಕೂಟರ್‌ಗೆ. ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಬೆಲ್ಟ್ ಇರುತ್ತದೆ, ಕ್ಲಚ್ ಆಯಿಲ್‌ನಿಂದ ಹೊರಗಿರುತ್ತದೆ, ಅದಕ್ಕೆ ಜಾರುವ ಆಯಿಲ್ ನಡೆಯುತ್ತದೆ. ಇದು ಕಾರಿನ ಆಯಿಲ್‌ಗಿಂತ ದೊಡ್ಡ ಅಪಾಯ ಅಂತ ನನಗನಿಸುತ್ತದೆ. ಯಾಕೆಂದರೆ ಸ್ಕೂಟರ್ ಆಯಿಲ್ ಮತ್ತು ಬೈಕ್ ಆಯಿಲ್ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇರುತ್ತವೆ, ಎರಡರ ಮೇಲೂ 10ಡಬ್ಲ್ಯು-30 ಅಂತಲೇ ಇರಬಹುದು. ಮನೆಯಲ್ಲಿ ಸ್ಕೂಟಿಗೆ ತಂದದ್ದು ಉಳಿದಿದೆ ಅಂತ ಬೈಕಿಗೆ ಸುರಿಯಬೇಡಿ. ಇನ್ನೊಂದು ಗುರುತು: ಕ್ಯಾನ್ ಮೇಲಿನ ದುಂಡನೆ ಮುದ್ರೆಯ ಕೆಳಗಡೆ ಇಂಗ್ಲಿಷಿನಲ್ಲಿ ರಿಸೋರ್ಸ್ ಕನ್ಸರ್ವಿಂಗ್ ಅಥವಾ ಎನರ್ಜಿ ಕನ್ಸರ್ವಿಂಗ್ ಅಂತ ಇದ್ದರೆ ಅದು ಬೈಕಿಗಲ್ಲ. ನನ್ನ ಕ್ಯಾನ್ ಮೇಲೆ ಅದು ಸ್ಪಷ್ಟವಾಗಿ ಇತ್ತು.

ಪ್ಲೇಟ್ ಬದಲಿಸಿ ಬಂದ ಮೇಲೆ ಇನ್ನೊಂದು ಸಲಹೆ ಶುರುವಾಯಿತು. "ಈ ಬಿಸಿಲಿಗೆ ದಪ್ಪ ಆಯಿಲ್ ಹಾಕು, 20ಡಬ್ಲ್ಯು-50 ಹಾಕು, ಗಾಡಿ ಕಾಯುವುದಿಲ್ಲ." ಆ ಆಯಿಲ್ ಕೆಟ್ಟದ್ದೇನಲ್ಲ. ಅದನ್ನೇ ಹಾಕಿ ಅಂತ ಬರೆದಿರುವ ಗಾಡಿಗಳೂ ಇವೆ. ಆದರೆ ದಪ್ಪ ಆಯಿಲ್ ಗಾಡಿಯನ್ನು ತಣ್ಣಗೆ ಮಾಡುವುದಿಲ್ಲ. ಅದನ್ನು ಕಲಕಲು ಎಂಜಿನ್ನಿಗೇ ಜಾಸ್ತಿ ಶ್ರಮ, ಮೈಲೇಜ್ ಇಳಿಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲೆ ಹೆಡ್‌ವರೆಗೆ ಮುಟ್ಟಲು ತಡವಾಗುತ್ತದೆ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಯಾವ ಅಂಕಿ ಇದೆಯೋ ಅದನ್ನೇ ಹಾಕಿಸಿ.

ಗಾಡಿ ನಿಜವಾಗಿ ಕಾಯಲು ನಮ್ಮ ಕಡೆ ಬೇರೆ ಕಾರಣವಿದೆ, ಅದನ್ನೂ ಆ ಮಿಸ್ತ್ರಿಯೇ ತೋರಿಸಿದರು. ಸ್ಕ್ರೂಡ್ರೈವರ್ ತುದಿಯಿಂದ ಎಂಜಿನ್ನಿನ ಫಿನ್‌ಗಳ, ಅಂದರೆ ಗಾಳಿ ತಾಗಲೆಂದು ಸುತ್ತಲೂ ಇರುವ ಲೋಹದ ಪಟ್ಟಿಗಳ ನಡುವೆ ಕೆರೆದರು. ಎರಿ ಮಣ್ಣು ಒಣಗಿ ಹಕ್ಕಳೆ ಹಕ್ಕಳೆಯಾಗಿ ಬಿತ್ತು. ಹೋದ ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಮೆತ್ತಿದ್ದು ಇನ್ನೂ ಅಲ್ಲೇ ಇತ್ತು. "ಹವಾ ಹೋಗಾಕ ದಾರೀನ ಇಲ್ಲಲ್ಲ" ಅಂದರು. ಇಷ್ಟು ವರ್ಷ ಟ್ಯಾಂಕು, ಸೀಟು ಎಲ್ಲ ಒರೆಸಿದ್ದೇನೆ, ಅಲ್ಲಿ ಎಂದೂ ಕೈ ಹಾಕಿರಲಿಲ್ಲ. ಮಳೆಗಾಲ ಮುಗಿದ ಮೇಲೆ, ಎಂಜಿನ್ ತಣ್ಣಗಿದ್ದಾಗ, ನೀರು ಬಿಟ್ಟು ಹಳೆ ಬ್ರಷ್‌ನಿಂದ ಅದನ್ನು ತೆಗೆಯಿರಿ. ಆಯಿಲ್ ಮಟ್ಟವನ್ನೂ ಡಬಲ್ ಸ್ಟ್ಯಾಂಡ್ ಹಾಕಿ, ಗಾಡಿ ನೆಟ್ಟಗೆ ನಿಂತಾಗಲೇ ನೋಡಿ. ಸೈಡ್ ಸ್ಟ್ಯಾಂಡ್‌ನಲ್ಲಿ ನೋಡಿದರೆ ತಪ್ಪು ಕಾಣಿಸುತ್ತದೆ.

ನಿಮ್ಮ ಗಾಡಿಗೆ ಈಗಾಗಲೇ ಇಂಥ ಆಯಿಲ್ ಹಾಕಿದ್ದಾರೆ ಅನ್ನುವ ಅನುಮಾನ ಇದ್ದರೆ, ಖಾಲಿ ರಸ್ತೆಯಲ್ಲಿ ಟಾಪ್ ಗೇರ್‌ನಲ್ಲಿ 40ರಲ್ಲಿ ಹೋಗುತ್ತಾ ಒಮ್ಮೆಲೇ ರೇಸ್ ಕೊಡಿ. ಸದ್ದು ಮೇಲೆ ಹಾರಿ ಸ್ಪೀಡ್ ಏರದಿದ್ದರೆ ಕ್ಲಚ್ ಜಾರುತ್ತಿದೆ ಅಂತಲೇ ಅರ್ಥ. ಕೇಬಲ್ ಸರಿ ಇದ್ದೂ ಹಾಗಾದರೆ ಅವತ್ತೇ ಆಯಿಲ್ ಇಳಿಸಿ. ಬೇಗ ಇಳಿಸಿದರೆ ಪ್ಲೇಟ್ ಉಳಿಯಬಹುದು. ನನಗೆ ಸರಿಯಾದ ಆಯಿಲ್ ಹಾಕಿ 500 ಕಿಲೋಮೀಟರ್ ಓಡಿಸಿ ಅದನ್ನೂ ಬದಲಿಸಲು ಹೇಳಿದರು, ಒಳಗೆ ಉಳಿದದ್ದು ಹೊರಗೆ ಬರಲಿ ಅಂತ. ಹಾಗೇ ಮಾಡಿದೆ.

ಮೊದಲ ಗ್ಯಾರೇಜ್‌ಗೂ ಹೋಗಿ ಸುಟ್ಟ ಪ್ಲೇಟ್ ತೋರಿಸಿದೆ. ಜಗಳ ಮಾಡಲು ಹೋಗಿರಲಿಲ್ಲ. ಮಾಲೀಕರು ಪ್ಲೇಟನ್ನು ತಿರುಗಿಸಿ ತಿರುಗಿಸಿ ನೋಡಿ, "ಎಷ್ಟೋ ಗಾಡಿಗೆ ಹಾಕೀವ್ರಿ, ಯಾರೂ ಹಿಂಗ ಅಂದಿಲ್ಲ" ಅಂದರು. ಅದು ನಿಜವೂ ಇರಬಹುದು. ಎಲ್ಲ ಗಾಡಿಯಲ್ಲೂ ಒಂದೇ ವೇಗದಲ್ಲಿ ಜಾರುವುದಿಲ್ಲ. ಹೊಸ ಸ್ಪ್ರಿಂಗ್ ಇದ್ದರೆ, ಊರೊಳಗೆ ಒಬ್ಬರೇ ಓಡಾಡಿದರೆ ತಿಂಗಳುಗಟ್ಟಲೆ ಗೊತ್ತಾಗದೇ ಇರಬಹುದು. ಇಬ್ಬರು ಕುಳಿತು, ಎದುರುಗಾಳಿಗೆ, ಏರಿನಲ್ಲಿ, ಓವರ್‌ಟೇಕ್ ಮಾಡುವಾಗ ಗೊತ್ತಾಗುತ್ತದೆ. ಆ "ಎಷ್ಟೋ ಗಾಡಿ" ಅನ್ನುವ ಮಾತೇ ನನ್ನನ್ನು ಇದನ್ನು ಬರೆಯಲು ಕೂರಿಸಿತು.

ನಮ್ಮ ಓಣಿಯ ಹುಡುಗನೊಬ್ಬ ಊಟ ತಲುಪಿಸುವ ಕೆಲಸಕ್ಕೆ ದಿನಾ ನೂರು ಕಿಲೋಮೀಟರ್ ಓಡಿಸುತ್ತಾನೆ. ಅವನಿಗೂ ಅಲ್ಲೇ, ಅಂಥದ್ದೇ ಕ್ಯಾನ್‌ನ ಆಯಿಲ್ ಹಾಕಿದ್ದರಂತೆ. ನಿನ್ನೆ ಸಂಜೆ ನಮ್ಮ ಮನೆ ಮುಂದೆಯೇ ಇಳಿಸಿ, ಎಂಎ ಇರುವುದನ್ನು ಹಾಕಿದೆವು. ಅವನ ಪ್ಲೇಟ್ ಇನ್ನೂ ಹಿಡಿಯುತ್ತಿವೆ.