ಕೊರಿಂಥಿಯನ್ ಶಿರಸ್ತ್ರಾಣದ ಪ್ರತಿಕೃತಿ: ಮೂರು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಕಂಚಲ್ಲ, ಹಿತ್ತಾಳೆ. ಮಾರಾಟದ ಪುಟದಲ್ಲಿ 'ಕಂಚಿನ ಗ್ರೀಕ್ ಶಿರಸ್ತ್ರಾಣ' ಎಂದೇ ಬರೆದಿತ್ತು. ಪೆಟ್ಟಿಗೆ ಬಿಚ್ಚಿದಾಗ ಅಮ್ಮ ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ, "ಕಂಚಾಗಿದ್ದರೆ ಗಂಟೆಯ ಹಾಗೆ ಅನ್ನಬೇಕಿತ್ತು, ಇದು ಕೊಳಗದ ಹಾಗೆ ಅನ್ನುತ್ತಿದೆ" ಎಂದರು. ಪ್ರಾಚೀನ ಗ್ರೀಕರ ಕಂಚಿನಲ್ಲಿ ನೂರಕ್ಕೆ ಸುಮಾರು ಹತ್ತು ಪಾಲು ತವರ ಇರುತ್ತಿತ್ತು, ಉಳಿದದ್ದು ಬಹುತೇಕ ತಾಮ್ರ. ನನ್ನದರಲ್ಲಿರುವುದು ತಾಮ್ರ ಮತ್ತು ಸತು. ಮಾರಿದವರಿಗೆ ಬರೆದೆ. 'ಬಣ್ಣ ಒಂದೇ ಅಲ್ಲವೇ ಸಾರ್' ಎಂಬ ಉತ್ತರ ಬಂತು. ಹಿಂದಿರುಗಿಸಲಿಲ್ಲ. ಕೊಟ್ಟದ್ದು 5,200 ರೂಪಾಯಿ. ಮೂರು ವರ್ಷದಲ್ಲಿ ಅದರಿಂದ ಆದ ಉಪಯೋಗ ನೋಡಿದರೆ ಅಂದು ಇಟ್ಟುಕೊಂಡದ್ದೇ ಸರಿಯಾಯಿತು.

ಇದನ್ನು ತರಿಸಿದ್ದು ಶೋಕೇಸಿಗಲ್ಲ. ಝೀರೊ ಎ.ಡಿ. ಎಂಬ ಉಚಿತ, ಮುಕ್ತ ತಂತ್ರಾಂಶದ ತಂತ್ರಗಾರಿಕೆಯ ಆಟ ಅನೇಕರಿಗೆ ಗೊತ್ತಿರಬಹುದು. ಅಥೆನ್ಸ್, ಸ್ಪಾರ್ಟಾ, ಮ್ಯಾಸಿಡೋನಿಯಾಗಳ ಜೊತೆಗೆ ನಮ್ಮ ಮೌರ್ಯರೂ ಅದರಲ್ಲಿದ್ದಾರೆ. ಅದಕ್ಕೆ ಮಾರ್ಪಾಡು ಮಾಡಿ, ಗ್ರೀಕ್ ಕಾಲಾಳುಗಳನ್ನು ನನ್ನ ಮನಸ್ಸಿಗೆ ಒಪ್ಪುವಂತೆ ತಿದ್ದುವುದು ನನ್ನ ಹಳೆಯ ಹವ್ಯಾಸ. ಪ್ರತಿ ಸೈನಿಕನಿಗೂ ಒಂದು ಎಕ್ಸ್‌ಎಂಎಲ್ ಕಡತ ಇರುತ್ತದೆ. ಕಡಿತ, ಇರಿತ, ಜಜ್ಜುವಿಕೆ ಎಂಬ ಮೂರು ಬಗೆಯ ಪೆಟ್ಟಿಗೆ ಅವನು ಎಷ್ಟು ತಡೆಯುತ್ತಾನೆ ಎಂಬುದನ್ನು ಅದರಲ್ಲಿ ಮಟ್ಟಗಳಲ್ಲಿ ಬರೆಯಬೇಕು. ಮಟ್ಟ ಒಂದು ಏರಿದರೆ ತಾಗುವ ಪೆಟ್ಟು ಹಿಂದಿನದರ ನೂರಕ್ಕೆ 90ಕ್ಕೆ ಇಳಿಯುತ್ತದೆ. ಹತ್ತು ಮಟ್ಟವಿದ್ದರೆ ಸುಮಾರು 35 ಪಾಲು ಮಾತ್ರ ಮೈಗೆ ತಾಗುತ್ತದೆ.

ಇಂಥ ಅಂಕಿಗಳ ಮುಂದೆ ಕುಳಿತವನಿಗೆ ಮುಚ್ಚಿದ ಶಿರಸ್ತ್ರಾಣವೇ ಶ್ರೇಷ್ಠವೆಂದು ಕಾಣುತ್ತದೆ. ಪ್ರಾಚೀನ ಗ್ರೀಕ್ ಹೂದಾನಿಗಳ ಮೇಲಿನ ಚಿತ್ರ ನೋಡಿ, ಮ್ಯೂಸಿಯಂ ಫೋಟೊಗಳನ್ನು ಒಟ್ಟುಮಾಡಿ, ನನ್ನ ಮೊದಲ ಆವೃತ್ತಿಯಲ್ಲಿ ಕಂಡ ಕಂಡ ಹೊಪ್ಲೈಟ್‌ಗೆಲ್ಲ (ಗುರಾಣಿ, ಈಟಿ ಹಿಡಿದ ಗ್ರೀಕ್ ಕಾಲಾಳು) ಕೊರಿಂಥಿಯನ್ ತೊಡಿಸಿದ್ದೆ. ಕೆನ್ನೆ, ಮೂಗು, ಕತ್ತು ಎಲ್ಲವನ್ನೂ ಮುಚ್ಚುತ್ತದಲ್ಲ, ಮಟ್ಟ ಏರಿಸು ಎಂದುಕೊಂಡೆ. ಕ್ರಿ.ಪೂ. 425ರ ಸ್ಪಾರ್ಟಾದವನಿಗೂ ಅದೇ. ಆ ಹೊತ್ತಿಗೆ ಗ್ರೀಕರೇ ಅದನ್ನು ಬಹುಮಟ್ಟಿಗೆ ಬಿಟ್ಟಿದ್ದರು ಎಂಬುದನ್ನು ಓದಿದ್ದೆ. ಏಕೆ ಬಿಟ್ಟರು ಎಂಬುದು ಮಾತ್ರ ತಲೆಗೆ ಹೋಗಿರಲಿಲ್ಲ.

ತಲೆಯನ್ನೇ ಅದರೊಳಗೆ ಹಾಕಿದಾಗ ಹೋಯಿತು.

ಒಂದು ಭಾನುವಾರ ತಾರಸಿಯ ಮೇಲೆ ಸೀಮೆಸುಣ್ಣದಿಂದ ಅರ್ಧವೃತ್ತ ಎಳೆದು, ನಡುವೆ ನೇರ ದೃಷ್ಟಿಯಿಟ್ಟು ನಿಂತೆ. ತಮ್ಮ ಒಂದು ತೆಂಗಿನ ಗರಿ ಹಿಡಿದು ಬದಿಯಿಂದ ಹೆಜ್ಜೆ ಹೆಜ್ಜೆಯಾಗಿ ಮುಂದಕ್ಕೆ ಬಂದ. ಕಂಡ ಕೂಡಲೇ ಕೈ ಎತ್ತುವುದು, ಅವನು ಅಲ್ಲಿ ಗೆರೆ ಹಾಕುವುದು. ಬರಿತಲೆಯಲ್ಲಿ ಒಮ್ಮೆ, ಶಿರಸ್ತ್ರಾಣ ತೊಟ್ಟು ಒಮ್ಮೆ. ಬದಿಯ ನೋಟ ನಾನು ಹೆದರಿದಷ್ಟು ಹೋಗಲಿಲ್ಲ. ಹೋದದ್ದು ಕೆಳಗಿನ ನೋಟ. ಕೆನ್ನೆಯ ಎರಡು ತಗಡುಗಳು ಮುಂದಕ್ಕೆ ಚಾಚಿರುವುದರಿಂದ ನನ್ನ ಪಾದ ನನಗೆ ಕಾಣುತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದೇ ಇಳಿದೆ. ಕಲ್ಲು, ಬಿದ್ದ ಹೆಣ, ಮುರಿದ ಈಟಿಗಳ ನಡುವೆ ಹೆಜ್ಜೆ ಇಡಬೇಕಾದವನ ಗತಿ ಏನಾಗಿರಬೇಡ?

ಕಿವಿಯದು ಇನ್ನೂ ದೊಡ್ಡ ಕತೆ. ಕೊರಿಂಥಿಯನ್ ಮಾದರಿಯಲ್ಲಿ ಕಿವಿಗೆ ತೆರಪೇ ಇಲ್ಲ. ಒಳಗೆ ನಮ್ಮ ಉಸಿರೇ ಶಂಖ ಕಿವಿಗಿಟ್ಟಂತೆ ಮೊರೆಯುತ್ತದೆ. ಕೆಳಗಿನಿಂದ ಅಮ್ಮ ಏನೋ ಕೂಗಿದರು. ಕೂಗಿದ್ದು ಕೇಳಿಸಿತು, ಮಾತು ಕೇಳಿಸಲಿಲ್ಲ. ತಮ್ಮ ಹತ್ತು ಹೆಜ್ಜೆ ಹಿಂದೆ ನಿಂತು "ಎಡಕ್ಕೆ", "ಬಲಕ್ಕೆ" ಎಂದು ಹೇಳಿದ್ದನ್ನು ಅನುಸರಿಸಲು ಹೋಗಿ ಅರ್ಧಕ್ಕರ್ಧ ತಪ್ಪಿದೆ. "ಅಣ್ಣ, ನಿನ್ನನ್ನು ಸೈನ್ಯಕ್ಕೆ ಸೇರಿಸಿಕೊಂಡರೆ ನಮ್ಮವರನ್ನೇ ಇರಿಯುತ್ತೀಯ" ಎಂದ.

ಅಂದು ರಾತ್ರಿ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದ, ಅಥೆನ್ಸ್‌ನವರಿಗೂ ಸ್ಪಾರ್ಟಾದವರಿಗೂ ನಡೆದ ಸ್ಫಾಕ್ಟೀರಿಯಾ ದ್ವೀಪದ ಕಾಳಗವನ್ನು ಮತ್ತೆ ಓದಿದೆ. ಕ್ರಿ.ಪೂ. 425ರದ್ದು. ಸ್ಪಾರ್ಟಾದವರ ಟೋಪಿಯಾಕಾರದ 'ಪೀಲೋಸ್' ಬಾಣಗಳನ್ನು ತಡೆಯಲಿಲ್ಲ ಎನ್ನುತ್ತಾನೆ. ಅದೇ ಉಸಿರಿನಲ್ಲಿ, ಶತ್ರುಗಳ ಕೂಗಾಟಕ್ಕೆ ತಮ್ಮವರ ಆಜ್ಞೆಗಳೇ ಅವರಿಗೆ ಕೇಳಿಸುತ್ತಿರಲಿಲ್ಲ ಎಂದೂ ಹೇಳುತ್ತಾನೆ. ಪೀಲೋಸ್ ಕಿವಿ ಮುಚ್ಚುವುದಿಲ್ಲ. ಕಿವಿ ಬಿಚ್ಚಿದ್ದವರಿಗೇ ಈ ಪಾಡು. ಕೆನ್ನೆಯ ರಕ್ಷಣೆ ಬಿಟ್ಟುಕೊಟ್ಟು ಅವರು ಕೊಂಡುಕೊಂಡದ್ದು ಏನು ಎಂಬುದು ಆ ಎರಡು ವಾಕ್ಯಗಳಲ್ಲಿ ಅಕ್ಕಪಕ್ಕದಲ್ಲೇ ಕುಳಿತಿದೆ. ಕೊರಿಂಥಿಯನ್‌ಗೂ ಪೀಲೋಸ್‌ಗೂ ನಡುವೆ ಬಂದ ಚಾಲ್ಸಿಡಿಯನ್ ಎಂಬ ಶಿರಸ್ತ್ರಾಣದ ಮಾದರಿಯಲ್ಲಿ ಕಿವಿಯ ಜಾಗವನ್ನು ಕತ್ತರಿಸಿ ತೆಗೆದಿರುವುದನ್ನು ಅಷ್ಟು ವರ್ಷ ನಾನು ಅಲಂಕಾರದ ಬದಲಾವಣೆ ಎಂದುಕೊಂಡಿದ್ದೆ! ಗ್ರೀಕ್ ಲೇಖಕ ಕ್ಸೆನೊಫೋನ್ ಕುದುರೆ ಸವಾರನಿಗೆ ಬಿಯೋಷಿಯನ್ ಎಂಬ ಶಿರಸ್ತ್ರಾಣದ ಮಾದರಿಯನ್ನು ಹೇಳುವಾಗ ಕೊಡುವ ಕಾರಣವೂ ಇಂಥದ್ದೇ: ಎದೆಕವಚದ ಮೇಲಿನದ್ದನ್ನೆಲ್ಲ ಕಾಯುತ್ತದೆ, ನೋಟಕ್ಕೆ ಅಡ್ಡ ಬರುವುದಿಲ್ಲ.

ಆಟದಲ್ಲಿ ಕಿವಿಗೆ ಅಂಕಿ ಇಲ್ಲ. ನೋಟದ ವ್ಯಾಪ್ತಿಗೆ ಇದೆ, ನಡಿಗೆಯ ವೇಗಕ್ಕೆ ಇದೆ. ಕೊರಿಂಥಿಯನ್ ತೊಟ್ಟವನಿಗೆ ಎರಡನ್ನೂ ಇಳಿಸಿ, ಇರಿತದ ತಡೆಯನ್ನು ಹಾಗೇ ಉಳಿಸಿದೆ. ಪೀಲೋಸ್‌ನವನಿಗೆ ಬಾಣದ ಎದುರು ಮಟ್ಟ ಕಡಿಮೆ ಮಾಡಿ ಕಾಲು ಚುರುಕಾಗಿಸಿದೆ. ಜೊತೆಗೆ ಆಡುವ ಗೆಳೆಯನೊಬ್ಬ "ದುಬಾರಿ ಕೊಟ್ಟು ಕೊಂಡ ಸೈನಿಕ ಕುರುಡ" ಎಂದು ಇಂದಿಗೂ ಗೊಣಗುತ್ತಾನೆ. ಗೊಣಗಲಿ.

ಗುರಾಣಿಯ ಪ್ರತಿಕೃತಿ ಕೊಳ್ಳಲಿಲ್ಲ, ಸಾಗಣೆ ಖರ್ಚು ಕೇಳಿ ಕೈ ಬಿಟ್ಟೆ. ಬಡಗಿಯೊಬ್ಬರಿಂದ 90 ಸೆಂಟಿಮೀಟರ್ ಅಗಲದ ಪ್ಲೈವುಡ್ ತಟ್ಟೆ ಮಾಡಿಸಿ, ನಡುವೆ ಮೊಣಕೈ ತೂರುವ ಪಟ್ಟಿ, ಅಂಚಿನಲ್ಲಿ ಹಿಡಿಕೆ ಹಾಕಿಸಿದೆ. ನಿಜವಾದ ಆಸ್ಪಿಸ್, ಅಂದರೆ ಹೊಪ್ಲೈಟ್‌ನ ದುಂಡು ಗುರಾಣಿ, ಬಟ್ಟಲಿನಂತೆ ಒಳಗೆ ಕುಳಿಯಾಗಿರುತ್ತದೆ, ಅಂಚನ್ನು ಹೆಗಲಿಗೆ ಒರಗಿಸಬಹುದು. ನನ್ನ ಚಪ್ಪಟೆ ತಟ್ಟೆಯನ್ನು ಹೆಗಲಿಗೆ ಏರಿಸಲಾಗದೆ ಎರಡು ನಿಮಿಷಕ್ಕೆ ತೋಳು ಸೋತಿತು. ಆದರೂ ಗಲ್ಲದಿಂದ ಮೊಣಕಾಲಿನವರೆಗೆ ಅದೊಂದೇ ಮುಚ್ಚುತ್ತದೆ ಎಂಬುದು ಕಂಡಿತು. ಪರ್ಷಿಯಾದ ರಾಜಕುಮಾರ ಕಿರಿಯ ಸೈರಸ್ ತನ್ನ ಗ್ರೀಕ್ ಕೂಲಿ ಸೈನಿಕರನ್ನು ಸಾಲು ನಿಲ್ಲಿಸಿ ತೋರಿಸಿದ ಪ್ರಸಂಗದಲ್ಲಿ ಕ್ಸೆನೊಫೋನ್ ಕಂಚಿನ ಶಿರಸ್ತ್ರಾಣ, ಕೆಂಪು ಅಂಗಿ, ಕಣಕಾಲಿನ ಕವಚ, ಗವಸು ತೆಗೆದ ಗುರಾಣಿ ಇವಿಷ್ಟನ್ನು ಎಣಿಸುತ್ತಾನೆ. ಎದೆಕವಚದ ಮಾತೇ ಇಲ್ಲ. ಮೊದಲು ಅದನ್ನು ಅವನ ಮರೆವು ಎಂದುಕೊಂಡಿದ್ದೆ. ಈಗ ಅಷ್ಟು ಧೈರ್ಯದಿಂದ ಹೇಳಲಾರೆ. ಆ ಕಾಲದ ನನ್ನ ಹೊಪ್ಲೈಟ್‌ಗಳಲ್ಲಿ ಅರ್ಧದಷ್ಟು ಮಂದಿಯ ಕವಚ ಕಳಚಿದ್ದೇನೆ.

ಇನ್ನು ವಸ್ತುವಿನ ಬಾಳಿಕೆ. ತೂಕ ಅಡುಗೆಮನೆಯ ತಕ್ಕಡಿಯಲ್ಲಿ 2 ಕಿಲೋ 150 ಗ್ರಾಂ. ಮೂಲ ಗ್ರೀಕ್ ಶಿರಸ್ತ್ರಾಣಗಳಲ್ಲಿ ಹಲವು ಇದಕ್ಕಿಂತ ಹಗುರ, ಏಕೆಂದರೆ ಗ್ರೀಕ್ ಕಂಚುಗಾರ ಮೂಗು ಮತ್ತು ಮುಖದ ಕಡೆ ದಪ್ಪ ಬಿಟ್ಟು ಉಳಿದ ಕಡೆ ತೆಳ್ಳಗೆ ಬಡಿಯುತ್ತಿದ್ದ. ಇದು ಎಲ್ಲೆಡೆ ಒಂದೇ ದಪ್ಪದ ತಗಡು. ಮೊದಲ ಮಳೆಗಾಲದಲ್ಲೇ ಒಳಗಿನ ಚರ್ಮಕ್ಕೆ ಬೂಷ್ಟು ಹಿಡಿಯಿತು. ಕಿತ್ತು ಹತ್ತಿಯ ಟೋಪಿ ಹೊಲಿಸಿಕೊಂಡೆ. ಕಣ್ಣು ತಗಡಿಗೆ ಹತ್ತಿರವಾಗಿ ನೋಟವೂ ಅಗಲವಾಯಿತು. ಆರು ತಿಂಗಳಿಗೊಮ್ಮೆ ಕಿಲುಬು ಬರುತ್ತದೆ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೋಗುತ್ತದೆ.

ಹಾಗೆ ತಿಕ್ಕುವಾಗಲೇ ಇದರ ಗುಟ್ಟು ಬಯಲಾಯಿತು. ಎರಡನೆಯ ವರ್ಷ ಮೇಲಿನ ಕುದುರೆಗೂದಲಿನ ಶಿಖೆ ಅಂಟು ಬಿಟ್ಟು ಕೈಗೆ ಬಂತು. ಕೆಳಗೆ ಹುಣಸೆಹಣ್ಣು ಹಾಕಿದೆ. ಹಣೆಯಿಂದ ಕತ್ತಿನವರೆಗೆ ಒಂದು ಬಿಳಿಚಿದ ಗೆರೆ ಎದ್ದು ಕಂಡಿತು: ಬೆಸುಗೆ. ಎಡಬಲ ಎರಡು ಚಿಪ್ಪು ಮಾಡಿ ನಡುವೆ ಕೂಡಿಸಿದ್ದಾರೆ. ಮೂಲಗಳು ಒಂದೇ ತುಂಡಿನಿಂದ, ಕಾಯಿಸಿ ಬಡಿದು, ಕಾಯಿಸಿ ಬಡಿದು ಎಬ್ಬಿಸಿದವು. ಗ್ರೀಸಿನ ಒಲಿಂಪಿಯಾದ ಮ್ಯೂಸಿಯಂನಲ್ಲಿ, ಅಥೆನ್ಸ್‌ನ ಸೇನಾಪತಿ ಮಿಲ್ಟಿಯಾಡೀಸ್ ಜ್ಯೂಸ್ ದೇವರಿಗೆ ಅರ್ಪಿಸಿದನೆಂದು ಅಂಚಿನಲ್ಲಿ ಕೊರೆದಿರುವ ಶಿರಸ್ತ್ರಾಣವೂ ಇದೇ ಕೊರಿಂಥಿಯನ್ ಜಾತಿಯದು. ನನ್ನದರ ಮೇಲೆ ನಿಜವಾದ ಕತ್ತಿಯೇಟು ಬಿದ್ದರೆ ಆ ಗೆರೆಯಲ್ಲೇ ತೆಂಗಿನಕಾಯಿಯಂತೆ ಹೋಳಾಗುತ್ತದೆ ಎಂಬುದು ನನ್ನ ಅನುಮಾನ.

ಇನ್ನೊಂದು ಕೊರತೆ: ಹೂದಾನಿಗಳಲ್ಲೂ ಅಥೆನ್ಸ್‌ನ ನಾಯಕ ಪೆರಿಕ್ಲೀಸ್‌ನ ಶಿಲ್ಪದಲ್ಲೂ ಕಾಣುವಂತೆ ಇದನ್ನು ಹಣೆಯ ಮೇಲಕ್ಕೆ ಸರಿಸಿ ನಿಲ್ಲಿಸಲು ಆಗುವುದಿಲ್ಲ. ಹಿಂದಕ್ಕೆ ಜಾರುತ್ತದೆ.

ಐದರಲ್ಲಿ ಮೂರೂವರೆ ನಕ್ಷತ್ರ. ಗ್ರೀಕ್ ಲೋಹಗಾರಿಕೆ ತಿಳಿಯಲು ಬೇಕೆಂದರೆ ಕೊಳ್ಳಬೇಡಿ, ಒಳ್ಳೆಯ ಮ್ಯೂಸಿಯಂ ಫೋಟೊಗಳೇ ಮೇಲು. ಒಳಗಿರುವ ಮನುಷ್ಯನಿಗೆ ಏನಾಗುತ್ತದೆಂದು ತಿಳಿಯಲು ಇಷ್ಟು ಸಾಕು. ಕೊಳ್ಳುವವರು ತಲೆಯ ಸುತ್ತಳತೆಯನ್ನು ಟೋಪಿ ಹಾಕಿಕೊಂಡೇ ತೆಗೆಯಿರಿ. ಶಿಖೆ ಇಲ್ಲದೆ ಮೇಲಿನಿಂದ ತೆಗೆದ ಫೋಟೊ ಒಂದನ್ನು ಕೇಳಿ. ಕಳಿಸಲು ಮೀನಮೇಷ ಎಣಿಸಿದರೆ ಬೇರೆ ಅಂಗಡಿ ನೋಡಿ.