ಕರಾವಳಿಯ ತುಕ್ಕಿಗೆ ಮೂರು ಮದ್ದು: ಹಳೆ ಮರ್ಸಿಡಿಸ್ ಕೂಪೆ ಮೇಲೆ ಮಾಡಿ ನೋಡಿದ್ದು

ಸಮುದ್ರದ ಗಾಳಿ ಬೀಸುವ ಊರಿನಲ್ಲಿ ಹಳೆ ಕಾರಿನ ತುಕ್ಕು ತೆಗೆಯಲು ನನ್ನ ಓಟು ಗ್ರೈಂಡರ್ ಮತ್ತು ಎಪಾಕ್ಸಿ ಪ್ರೈಮರಿಗೆ, ಅಂದರೆ ಹಾರ್ಡನರ್ ಬೆರೆಸಿ ಪೇಂಟಿನ ಅಡಿಗೆ ಹೊಡೆಯುವ ಗಟ್ಟಿ ಕೋಟಿಗೆ. ತುಕ್ಕಿನ ಮೇಲೇ ಹಚ್ಚುವ, ಬಾಟಲಿಯಲ್ಲಿ ಬರುವ ರಸ್ಟ್ ಕನ್ವರ್ಟರಿಗೆ ಅಲ್ಲ. ಗಾಳಿಯ ಒತ್ತಡದಲ್ಲಿ ಮರಳಿನಂಥ ಕಾಳು ಹೊಡೆದು ತುಕ್ಕು ಕೀಳುವ ಸ್ಯಾಂಡ್ ಬ್ಲಾಸ್ಟಿಂಗಿಗೂ ಅಲ್ಲ. ಆದರೆ ಬ್ಲಾಸ್ಟಿಂಗಿಗೆ ಅದರದ್ದೇ ಒಂದು ಜಾಗ ಇದೆ, ಮುಂದೆ ಹೇಳುತ್ತೇನೆ. ಮೂರನ್ನೂ ಒಂದೇ ಕಾರಿನ ಮೇಲೆ ಮಾಡಿ, ಕಾಸರಗೋಡಿನ ಕುಂಬಳೆಯ ಮಳೆಗಾಲ ದಾಟಿಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕಾರು ಮರ್ಸಿಡಿಸ್ 300 ಸಿಇ. 124 ಸರಣಿಯ ಎರಡು ಬಾಗಿಲಿನ ಕೂಪೆ, 1987ರಲ್ಲಿ ಬಂದ ಮಾಡೆಲ್. ನಡುವೆ ಕಂಬ ಇಲ್ಲ. ನಾಲ್ಕೂ ಗಾಜು ಇಳಿಸಿದರೆ ಕಾರಿನ ಪಕ್ಕ ಪೂರ್ತಿ ತೆರೆದುಕೊಳ್ಳುತ್ತದೆ. ನಾನು ಮನಸೋತದ್ದು ಅದಕ್ಕೇ. ಇದರ ಸೆಡಾನನ್ನು 1995ರಿಂದ ಪುಣೆಯಲ್ಲೇ ಜೋಡಿಸುತ್ತಿದ್ದರು, ಹಾಗಾಗಿ ಅದರ ಭಾಗಗಳು ಗುಜರಿಯಲ್ಲಿ ಹುಡುಕಿದರೆ ಸಿಗುತ್ತವೆ. ಕೂಪೆ ಹಾಗಲ್ಲ. ಇದರ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) ಸೆಡಾನಿಗಿಂತ 85 ಮಿಲಿಮೀಟರ್ ಗಿಡ್ಡ. ಬಾಗಿಲು ಬೇರೆ, ಹಿಂಬದಿಯ ಪಕ್ಕದ ತಗಡು ಬೇರೆ. ಅದು ಹಾಳಾದರೆ ಇನ್ನೊಂದು ತಂದು ಕೂರಿಸುವ ಮಾತೇ ಇಲ್ಲ. ಇದ್ದ ತಗಡನ್ನೇ ಉಳಿಸಿಕೊಳ್ಳಬೇಕು. ತುಕ್ಕಿನ ವಿಚಾರದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣ ಇದು.

ಈ ಕಾರಿನಲ್ಲಿ ತುಕ್ಕು ಹಿಡಿಯುವ ಜಾಗಗಳು ಗೊತ್ತಿರುವವೇ. ಪಕ್ಕದ ಪ್ಲಾಸ್ಟಿಕ್ ಪಟ್ಟಿಯ ಹಿಂದೆ ಅಡಗಿರುವ ಜಾಕ್ ಪಾಯಿಂಟ್, ಹಿಂದಿನ ಗಾಜಿನ ರಬ್ಬರಿನ ಕೆಳಗೆ, ಮುಂದಿನ ಫೆಂಡರಿನ ಕೆಳತುದಿ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ. ನನ್ನದರಲ್ಲಿ ನಾಲ್ಕೂ ಕಡೆ ಇತ್ತು.

ಮೊದಲು ಕನ್ವರ್ಟರ್. ಇದು ಹೇಗೆ ಕೆಲಸ ಮಾಡುತ್ತದೆ ಅಂತ ತೋಟ ಇರುವವರಿಗೆ ವಿವರಿಸುವುದು ಸುಲಭ. ಎಳೆ ಅಡಿಕೆ ಕೊರೆದ ಕತ್ತಿಯ ಅಲಗು ಕಪ್ಪಾಗುತ್ತದಲ್ಲ, ಅದೇ ಇದು. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜತೆ ಸೇರಿ ಕಪ್ಪು ಪದರವಾಗುತ್ತದೆ. ಬಾಟಲಿಯಲ್ಲಿರುವ ಟ್ಯಾನಿಕ್ ಆಸಿಡ್ ಕೆಂಪು ತುಕ್ಕಿಗೆ ಮಾಡುವುದೂ ಅಷ್ಟೇ. ಕೆಲವು ಬಾಟಲಿಗಳಲ್ಲಿ ಫಾಸ್ಫಾರಿಕ್ ಆಸಿಡ್ ಇರುತ್ತದೆ, ಅದು ಬೂದು ಬಣ್ಣದ ಫಾಸ್ಫೇಟ್ ಪದರ ಕೊಡುತ್ತದೆ. ಲೆಕ್ಕಕ್ಕೆ ಎಲ್ಲ ಸರಿಯಾಗಿಯೇ ಇದೆ.

ಸ್ಟೆಪ್ನಿ ಗುಂಡಿಗೆ ಇದನ್ನು ಬಾಟಲಿಯ ಮೇಲೆ ಬರೆದ ಹಾಗೆಯೇ ಹಾಕಿದೆ. ಸಡಿಲ ತುಕ್ಕನ್ನು ವೈರ್ ಬ್ರಷ್ಷಿನಲ್ಲಿ ಕೆರೆದು, ಎರಡು ಕೋಟ್ ಹಚ್ಚಿ, ಮರುದಿನದವರೆಗೆ ಬಿಟ್ಟೆ. ಚೆಂದದ ನೀಲಿಗಪ್ಪು ಬಂತು. ಮೇಲೆ ಯಾವ ಪ್ರೈಮರ್ ಬೇಕಾದರೂ ಹೊಡೆಯಬಹುದು ಅಂತ ಬರೆದಿತ್ತು, ಎಪಾಕ್ಸಿ ಹೊಡೆದೆ. ಜುಲೈ ನಡುವಿಗೆ ಡಿಕ್ಕಿ ತೆರೆದು ನೋಡಿದರೆ ಪ್ರೈಮರಿನ ಮೇಲೆ ಕೊತ್ತಂಬರಿ ಕಾಳಿನಷ್ಟು ದಪ್ಪದ ಗುಳ್ಳೆಗಳು. ಒಂದನ್ನು ಉಗುರಿನಲ್ಲಿ ಒತ್ತಿದೆ. ಪ್ರೈಮರ್ ಹಾಳೆಯ ಹಾಗೆ ಎದ್ದು ಬಂತು. ಅದರ ಕೆಳಗೆ ಕಪ್ಪು ಪುಡಿ, ಮುಟ್ಟಿದರೆ ಒದ್ದೆ. ಅದರ ಕೆಳಗೆ ಮತ್ತೆ ಕೆಂಪು.

ಹೀಗೇಕೆ ಆಯಿತು ಅಂತ ಬಹಳ ದಿನ ತಲೆ ಕೆಡಿಸಿಕೊಂಡೆ. ಒಂದು, ಈ ದ್ರವ ತುಕ್ಕಿನ ಮೇಲ್ಪದರಕ್ಕೆ ಮಾತ್ರ ಇಳಿಯುತ್ತದೆ. ದಪ್ಪ ತುಕ್ಕಿದ್ದರೆ ಅಡಿಯದ್ದು ಹಾಗೇ ಉಳಿಯುತ್ತದೆ. ಎರಡು, ನಮ್ಮಲ್ಲಿ ಇದೇ ದೊಡ್ಡದು, ಉಪ್ಪು. ಸಮುದ್ರದ ಗಾಳಿಯ ಉಪ್ಪು ತಗಡಿನ ಸಣ್ಣ ಸಣ್ಣ ಕುಳಿಗಳಲ್ಲಿ ಕೂತಿರುತ್ತದೆ. ಕನ್ವರ್ಟರ್ ತುಕ್ಕಿನ ಬಣ್ಣ ಬದಲಿಸುತ್ತದೆಯೇ ಹೊರತು ಉಪ್ಪನ್ನು ತೆಗೆಯುವುದಿಲ್ಲ. ಉಪ್ಪಿನ ಮೇಲೆ ಮುಚ್ಚಳ ಹಾಕಿದ ಹಾಗಾಯಿತು. ಪೇಂಟಿನ ಮೂಲಕ ಅಷ್ಟಿಷ್ಟು ತೇವ ಒಳಗೆ ಹೋಗಿಯೇ ಹೋಗುತ್ತದೆ, ಉಪ್ಪು ಅದನ್ನು ಎಳೆದು ಹಿಡಿದುಕೊಳ್ಳುತ್ತದೆ, ಅಲ್ಲಿ ಗುಳ್ಳೆ ಏಳುತ್ತದೆ. ಮೂರು, ಆಸಿಡ್ಡಿನ ಅಂಶ ಉಳಿದ ಮೇಲ್ಮೈಗೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ. ಎಪಾಕ್ಸಿಯನ್ನು ಗಟ್ಟಿ ಮಾಡಲು ಬೆರೆಸುವ ಹಾರ್ಡನರ್ ಕ್ಷಾರದ ಜಾತಿಯದ್ದು, ಆಸಿಡ್ ಅದನ್ನು ಕೆಡಿಸುತ್ತದೆ. ಯಾವ ಪ್ರೈಮರ್ ಬೇಕಾದರೂ ಹೊಡೆಯಿರಿ ಅಂತ ಬರೆಯುವವರು ಇದನ್ನೂ ಬರೆಯಬೇಕಿತ್ತು.

ಆಸಿಡ್ ತೊಳೆದರೆ ಆಯಿತಲ್ಲ ಅಂತ ಕೇಳಬಹುದು. ತೊಳೆದ ನೀರು ಎಲ್ಲಿಗೆ ಹೋಗಬೇಕು? ಡಿಕ್ಕಿಯ ನೆಲ ಒಂದೇ ತಗಡಲ್ಲ, ಅಂಚಿನಲ್ಲಿ ತಗಡಿನ ಮೇಲೆ ತಗಡು ಕೂರಿಸಿ ಸ್ಪಾಟ್ ವೆಲ್ಡ್ ಮಾಡಿರುತ್ತಾರೆ. ನೀರು ಆ ಸಂದಿಗೆ ಇಳಿಯುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಇನ್ನು ಎರಡು ತಗಡಿನ ನಡುವಿನ ಸಂದು ಒಣಗುತ್ತದಾ? ಒಣ ಹವೆಯ ಊರಿನವರು ಈ ಬಾಟಲಿಯನ್ನು ಹೊಗಳುವುದನ್ನು ಕೇಳಿದ್ದೇನೆ. ಅವರ ಊರಿನಲ್ಲಿ ಸರಿಯೇ ಇರಬಹುದು. ಕಾಸರಗೋಡಿನಿಂದ ಉಡುಪಿಯವರೆಗಿನ ಪಟ್ಟಿಯಲ್ಲಿರುವವರು ಗೇಟಿಗೋ ಕಿಟಕಿ ಸರಳಿಗೋ ಹಚ್ಚಿ, ಕಾರಿಗೆ ಬೇಡ.

ಬ್ಲಾಸ್ಟಿಂಗ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಕೆಲಸ ಬೇಗ ಮುಗಿಯುತ್ತದೆ, ಕುಳಿಯ ಒಳಗಿನ ತುಕ್ಕೂ ಹೋಗುತ್ತದೆ. ಸಸ್ಪೆನ್ಷನ್ ಆರ್ಮ್, ಹಿಂದಿನ ಸಬ್‌ಫ್ರೇಮ್ ಇಂಥ ದಪ್ಪ ಭಾಗಗಳಿಗೆ ಇದನ್ನು ಮೀರಿಸಿದ್ದು ಇಲ್ಲ. ನಾನು ಅವನ್ನು ಬಿಚ್ಚಿ ಮಂಗಳೂರಿನಲ್ಲಿ ಮಾಡಿಸಿಕೊಂಡು ಬಂದೆ, ಖುಷಿಯಾಯಿತು. ಆದರೆ ಬಾಡಿಯ ತಗಡು ಒಂದು ಮಿಲಿಮೀಟರಿಗಿಂತ ತೆಳು. ಬಾನೆಟ್, ಟಾಪ್, ಬಾಗಿಲಿನಂಥ ಅಗಲ ಜಾಗಕ್ಕೆ ಜೋರಾಗಿ ಹೊಡೆದರೆ ತಗಡು ಸೊಟ್ಟಗಾಗಿ ಅಲೆ ಅಲೆಯಾಗುತ್ತದೆ, ಮತ್ತೆ ಸರಿ ಮಾಡಲು ಆಗುವುದಿಲ್ಲ. ಬೇರೆ ಸಿಗದ ಕೂಪೆಯ ತಗಡನ್ನು ಅದಕ್ಕೆ ಒಡ್ಡಲು ನನಗೆ ಧೈರ್ಯ ಇಲ್ಲ. ಇನ್ನೊಂದು ಮಾತು: ಕಂಪ್ರೆಸರ್ ಇದೆ ಅಂತ ಮನೆಯಲ್ಲೇ ಹೊಳೆಯ ಮರಳು ಹಾಕಿ ಹೊಡೆಯಲು ಹೋಗಬೇಡಿ. ಆ ಧೂಳಿನಿಂದ ಸಿಲಿಕೋಸಿಸ್ ಬರುತ್ತದೆ, ಹಾಳಾದ ಶ್ವಾಸಕೋಶ ಮತ್ತೆ ಸರಿಯಾಗುವುದಿಲ್ಲ.

ಈಗ ನನ್ನ ಮೆಚ್ಚಿನದ್ದು. ಗ್ರೈಂಡರಿಗೆ ಮೊದಲು ಸ್ಟ್ರಿಪ್ ಡಿಸ್ಕ್ ಹಾಕಿ ಹಳೆ ಪೇಂಟ್ ತೆಗೆಯುತ್ತೇನೆ, ಆಮೇಲೆ ವೈರ್ ಬ್ರಷ್, ಕೊನೆಗೆ 80 ನಂಬರಿನ ಸ್ಯಾಂಡ್ ಪೇಪರ್. ವೈರ್ ಬ್ರಷ್ಷಿಗೇ ನಿಲ್ಲಿಸಬಾರದು. ಅದು ತುಕ್ಕನ್ನು ಉಜ್ಜಿ ಹೊಳೆಯುವಂತೆ ಮಾಡುತ್ತದೆ, ಕುಳಿಯಲ್ಲಿ ಕಪ್ಪು ಚುಕ್ಕೆ ಹಾಗೇ ಉಳಿಯುತ್ತದೆ. ಚುಕ್ಕೆ ಇರುವಲ್ಲಿ ಸಿಟ್ರಿಕ್ ಆಸಿಡ್ ನೀರಿನಲ್ಲಿ ಅದ್ದಿದ ಹತ್ತಿ ಇಟ್ಟು, ಮೇಲೆ ಪ್ಲಾಸ್ಟಿಕ್ ಮುಚ್ಚಿ, ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಒಳ್ಳೆ ನೀರಿನಲ್ಲಿ ತೊಳೆದು, ಹೀಟ್ ಗನ್ನಿನಲ್ಲಿ ಒಣಗಿಸಿ, ಮತ್ತೆ ಉಜ್ಜುತ್ತೇನೆ. ಇದನ್ನು ಬಯಲು ತಗಡಿನಲ್ಲಿ ಮಾತ್ರ ಮಾಡುತ್ತೇನೆ, ಸಂದಿನ ಹತ್ತಿರ ಇಲ್ಲ. ಆಮೇಲೆ ಪ್ರೈಮರ್ ಹಾಕದೆ ಒಂದು ರಾತ್ರಿ ಹಾಗೇ ಬಿಡುತ್ತೇನೆ. ಬರೀ ತಗಡನ್ನು ಬಿಡುವುದಾ ಅಂತ ಬೈಯಬೇಡಿ, ಅದೇ ಪರೀಕ್ಷೆ. ಉಪ್ಪು ಉಳಿದಿದ್ದರೆ ಬೆಳಗಾಗುವಾಗ ಸೂಜಿ ಮೊನೆಯಷ್ಟು ದೊಡ್ಡ ಕೆಂಪು ಚುಕ್ಕೆಗಳು ಕುಳಿಯಲ್ಲೇ ಎದ್ದಿರುತ್ತವೆ, ಸುತ್ತಲಿನ ತಗಡು ಬೆಳ್ಳಗೇ ಇರುತ್ತದೆ. ಹಾಗಿದ್ದರೆ ಮತ್ತೆ ತೊಳೆಯುವುದು. ಚುಕ್ಕೆ ಏಳದಿದ್ದರೆ ಮತ್ತೊಮ್ಮೆ ಉಜ್ಜಿ ಎಪಾಕ್ಸಿ.

ಎಪಾಕ್ಸಿ ಹೊಡೆಯಲು ತಗಡಿನ ಬಿಸಿ ಡ್ಯೂ ಪಾಯಿಂಟಿಗಿಂತ (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ಇಲ್ಲದಿದ್ದರೆ ಕಣ್ಣಿಗೆ ಕಾಣದ ನೀರಿನ ಪಸೆ ತಗಡಿನ ಮೇಲೆ ಕೂರುತ್ತದೆ. ನಮ್ಮಲ್ಲಿ ಇದು ಸರಿಹೋಗುವುದು ಡಿಸೆಂಬರಿನಿಂದ ಮಾರ್ಚ್‌ವರೆಗೆ, ಅದೂ ಹತ್ತೂವರೆ ಮೇಲೆ, ಬಿಸಿಲು ಇಳಿಯುವ ಮೊದಲು. ಅದೇ ಹೊತ್ತಿಗೆ ಅಂಗಳದ ತುಂಬ ಅಡಿಕೆ. ಚಾಲಿ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಹಾಕುವ ಹಣ್ಣಡಿಕೆ, ಒಣಗಲು ಒಂದೂವರೆ ತಿಂಗಳ ಬಿಸಿಲು ಬೇಕು.

"ನಿನ್ನ ಪೇಂಟಿಂಗ್ ಎಲ್ಲ ಅಡಿಕೆ ಎದ್ದ ಮೇಲೆ" ಅಂತ ಅಪ್ಪ.

"ಅಡಿಕೆ ಎದ್ದ ಮೇಲೆ ಮಳೆ ಬರ್ತದೆ ಅಪ್ಪಾ."

"ಅಡಿಕೆಗೆ ಥಿನ್ನರಿನ ವಾಸನೆ ಹಿಡಿದ್ರೆ ಯಾರು ತೆಗೊಳ್ತಾರೆ?"

ಅವರ ಮಾತೂ ಸರಿ. ಕಾರನ್ನು ಮನೆ ಹಿಂದಿನ ಖಾಲಿ ದನದ ಹಟ್ಟಿಗೆ ಸಾಗಿಸಿದೆ. ಗಾಳಿ ಅಂಗಳದ ಕಡೆಯಿಂದ ಹಟ್ಟಿಯ ಕಡೆಗೆ ಬೀಸುವ ಹೊತ್ತು ನೋಡಿ ಗನ್ ಹಿಡಿಯುತ್ತಿದ್ದೆ. ಪೇಂಟರುಗಳು ಧೂಳು ಏಳದಿರಲಿ ಅಂತ ನೆಲಕ್ಕೆ ನೀರು ಚಿಮುಕಿಸುತ್ತಾರೆ. ನಾನು ಅದನ್ನು ಬಿಟ್ಟೆ, ಇಲ್ಲಿ ತೇವ ಮೊದಲೇ ಜಾಸ್ತಿ. ನೆಲಕ್ಕೆ ಟಾರ್ಪಾಲ್ ಹಾಸಿದರೆ ಸಾಕು.

ಎಪಾಕ್ಸಿಗೂ ತಕರಾರು ಇದೆ. ತೇವದ ಹವೆಯಲ್ಲಿ ಅದರ ಮೇಲೆ ಜಿಡ್ಡಿನಂಥ ಪೊರೆ ಬರುತ್ತದೆ. ಮುಂದಿನ ಕೋಟಿಗೆ ಮೊದಲು ನೀರಿನಲ್ಲಿ ತೊಳೆದು ಉಜ್ಜಲೇಬೇಕು. ಬಿಸಿಲಿಗೆ ತಿಂಗಳುಗಟ್ಟಲೆ ಬಿಟ್ಟರೆ ಸುಣ್ಣದ ಹಾಗೆ ಪುಡಿ ಏಳುತ್ತದೆ. ಮಾಸ್ಕ್ ಬೇಕೇ ಬೇಕು, ಬಟ್ಟೆಯದ್ದಲ್ಲ, ಕಾರ್ಟ್ರಿಜ್ ಇರುವುದು. ಪುಟ್ಟಿಯನ್ನು ಎಪಾಕ್ಸಿಯ ಮೇಲೆ ಹಾಕಿ, ಬರೀ ತಗಡಿಗೆ ಹಾಕಬೇಡಿ, ಪುಟ್ಟಿ ನೀರು ಕುಡಿಯುತ್ತದೆ.

ತೂತು ಬಿದ್ದ ಜಾಕ್ ಪಾಯಿಂಟಿಗೆ ಮೂರರಲ್ಲಿ ಯಾವುದೂ ಆಗದು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಇಟ್ಟು ಸಿಓಟೂ ವೆಲ್ಡಿಂಗ್ ಮಾಡಿಸಬೇಕು, ಒಳಗಿನ ಟೊಳ್ಳಿಗೆ ತುಕ್ಕು ತಡೆಯುವ ಮೇಣ, ಕ್ಯಾವಿಟಿ ವ್ಯಾಕ್ಸ್, ಬಿಡಬೇಕು. ಗೇರುಬೀಜದ ಸಿಪ್ಪೆಯ ಎಣ್ಣೆ ಹಾಕು ಅಂದವರೂ ಇದ್ದರು. ಅದು ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಕಾರಿನ ಒಳಗೆ ನನಗೆ ಬೇಡ.

ಖರ್ಚಿನ ಮಾತು. ಗ್ರೈಂಡರ್ ಮತ್ತು ಕಂಪ್ರೆಸರ್ ನನ್ನಲ್ಲಿ ಮೊದಲೇ ಇದ್ದವು. ಸಿಟ್ರಿಕ್ ಆಸಿಡ್ ಕಿಲೋ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತದೆ. ದುಬಾರಿ ಎಂದರೆ ಎಪಾಕ್ಸಿ ಮತ್ತು ಡಿಸ್ಕುಗಳು. ಇಡೀ ಬಾಡಿ ಬ್ಲಾಸ್ಟಿಂಗಿಗೆ ಕೇಳಿದ ದುಡ್ಡಿನಲ್ಲಿ ನನಗೆ ಇಷ್ಟೂ ಬಂದು, ಸೀಟಿಗೆ ಹೊಸ ಲೆದರ್ ಹೊಲಿಸಲೂ ಉಳಿಯಿತು. ಕಸ್ಟಮ್ ಅಂತ ನಾನು ಮಾಡಿದ್ದು ಅಷ್ಟೇ, ಜತೆಗೆ ಮರದ ಸ್ಟೀರಿಂಗ್. ಬಣ್ಣ ಹಳೆಯದ್ದೇ ಇಟ್ಟುಕೊಂಡೆ, ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು. ಕಂಪನಿ ಕೊಟ್ಟ ರೂಪವನ್ನು ಬದಲಿಸಬಾರದು ಅಂದ 2019ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಕೇರಳದಲ್ಲಿ ಕಾರಿನ ಮೂಲ ರೂಪಕ್ಕೆ ಕೈ ಹಾಕುವುದು ಸುಮ್ನೆ ತೊಂದರೆ.

ನನಗೆ ಸಂಜೆ ಒಂದೆರಡು ಗಂಟೆ ಮಾತ್ರ ಬಿಡುವು, ಒಂದು ಸಲಕ್ಕೆ ಒಂದು ಮೊಳ ತಗಡು ಮುಗಿದರೆ ಸಾಕು ಅನ್ನುವ ಸ್ವಭಾವ. ಅದಕ್ಕೆ ಗ್ರೈಂಡರ್ ಹೊಂದಿತು. ಉಜ್ಜುವುದನ್ನು ಸಂಜೆ ಮಾಡಿ, ಎಪಾಕ್ಸಿಯನ್ನು ಭಾನುವಾರದ ಬಿಸಿಲಿಗೆ ಇಟ್ಟುಕೊಂಡೆ. ಕಾರನ್ನು ಪೂರ್ತಿ ಬಿಚ್ಚಿ ಬರೀ ಗೂಡು ಮಾಡಿರುವವರು, ಬೇಗ ಮುಗಿಸಬೇಕಾದವರು ಅಡಿಭಾಗಕ್ಕೆ ಬ್ಲಾಸ್ಟಿಂಗ್ ಮಾಡಿಸಿ, ಅವತ್ತೇ ಪ್ರೈಮರ್ ಹೊಡೆಸಿ. ಕೊನೆಯ ಟಾಪ್ ಕೋಟನ್ನು ಮಾತ್ರ ನಾನು ಬೂತ್ ಇರುವ ವರ್ಕ್‌ಶಾಪಿಗೆ ಬಿಟ್ಟೆ. ಆ ಕೋಟಿನ 2ಕೆ ಪಿಯು (ಎರಡು ದ್ರವ ಬೆರೆಸುವ ಪಾಲಿಯುರೆಥೇನ್) ಪೇಂಟಿನ ಹಾರ್ಡನರಿನಲ್ಲಿ ಶ್ವಾಸಕೋಶಕ್ಕೆ ಕೆಟ್ಟದಾದ ಐಸೋಸೈನೇಟ್ ಇರುತ್ತದೆ. ಅದಕ್ಕೆ ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಬೇಕು, ಅದು ನನ್ನಲ್ಲಿ ಇಲ್ಲ.