ಹೆದ್ದಾರಿ ಬದಿಯ ‘ಮಿನಿ ಝೂ’ಗೆ ಹಣ ಕೊಡುವ ಮುನ್ನ ಇದನ್ನು ಓದಿ

ಬಾಗಲಕೋಟೆಯಿಂದ ಹೊರಡುವ ಹೆದ್ದಾರಿಯೊಂದರ ಬದಿಯಲ್ಲಿ, ಡಾಬಾಕ್ಕೆ ಅಂಟಿಕೊಂಡಂತೆ ಒಂದು ‘ಮಿನಿ ಝೂ’ ಇದೆ. ಅದರ ಮೇಲೆ ನಾನು ಕೊಟ್ಟ ದೂರಿನ ವಿಚಾರಣೆ ಮುಗಿದಿಲ್ಲವಾದ್ದರಿಂದ ಹೆಸರು ಬರೆಯುವುದಿಲ್ಲ. ಆದರೆ ನಾನು ಅಲ್ಲಿ ಹೇಗೆ ಮೋಸಹೋದೆ ಎಂಬುದನ್ನು ಬರೆಯದೆ ಸುಮ್ಮನಿರಲು ಆಗುತ್ತಿಲ್ಲ.

ಸಂಕ್ರಾಂತಿಯ ಮರುದಿನ ಮಗನನ್ನೂ ಅಣ್ಣನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೆ. ತಲೆಗೆ ಐವತ್ತು ರೂಪಾಯಿ. ಬಾಗಿಲಲ್ಲೇ ದೊಡ್ಡ ಫ್ಲೆಕ್ಸ್: ಹುಲ್ಲುಗಾವಲು, ಕೊಳ, ಗಾಜಿನ ಗೋಡೆಯ ಹಿಂದೆ ಹುಲಿ, ‘ಶೀಘ್ರದಲ್ಲೇ’ ಎಂಬ ಅಕ್ಷರ. ಅದರ ಪಕ್ಕದಲ್ಲಿ ‘ವರ್ಷದ 365 ದಿನವೂ ತೆರೆದಿರುತ್ತದೆ’ ಎಂಬ ಹೆಮ್ಮೆಯ ಸಾಲು. ಆ ಸಾಲನ್ನು ಓದಿದಾಗಲೇ ನಾನು ಹಿಂತಿರುಗಬೇಕಿತ್ತು. ಏಕೆಂದು ಮುಂದೆ ಹೇಳುತ್ತೇನೆ.

ಒಳಗೆ ತಗಡಿನ ಶೆಡ್ಡಿನಲ್ಲಿ ಸಾಲಾಗಿ ಪಂಜರಗಳು. ಹತ್ತಾರು ಗಿಳಿಗಳಿದ್ದವು, ಅವುಗಳಲ್ಲಿ ಎರಡರ ಎದೆಯ ಮೇಲೆ ಒಂದೂ ಪುಕ್ಕವಿರಲಿಲ್ಲ, ಬರೀ ಗುಲಾಬಿ ಚರ್ಮ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಒಂದರ ಮೇಲೊಂದು ನಕ್ಷತ್ರ ಆಮೆಗಳು. ಕೊನೆಯ ಪಂಜರದಲ್ಲಿ ಒಂದು ಚಿಂಕಾರ, ಅಂದರೆ ಸಣ್ಣ ಜಾತಿಯ ಹುಲ್ಲೆಯ ಮರಿ. ಸಿಮೆಂಟಿನ ನೆಲ, ಮೇಲೆ ನಾಲ್ಕು ಕಡ್ಡಿ ಜೋಳದ ಕಣಿಕೆ. ನಾವು ಹತ್ತಿರ ಹೋದಾಗಲೆಲ್ಲ ಅದು ಹಿಂದಕ್ಕೆ ಸರಿಯಲು ನೋಡುತ್ತಿತ್ತು, ಗೊರಸು ಜಾರಿ ಮಂಡಿ ಊರುತ್ತಿತ್ತು, ಮತ್ತೆ ಏಳುತ್ತಿತ್ತು. ಅವಿತುಕೊಳ್ಳಲು ಒಂದು ಮೂಲೆಯೂ ಇರಲಿಲ್ಲ, ನಾಲ್ಕೂ ಕಡೆ ಜಾಲರಿ, ನಾಲ್ಕೂ ಕಡೆ ಜನ. ಅಣ್ಣನ ಮಗಳು ಚುರುಮುರಿ ತೂರಿಸಿದಳು, ಯಾರೂ ತಡೆಯಲಿಲ್ಲ.

ಮಾಲೀಕರು ತುಂಬ ನಯವಾಗಿ ಮಾತನಾಡಿದರು. “ತಾಯಿ ಬಿಟ್ಟುಹೋದ ಮರಿ ಅಕ್ಕನವರೇ, ನಾವು ಉಳಿಸಿದೆವು. ಇದಕ್ಕಾಗಿಯೇ ಅರ್ಧ ಎಕರೆ ಬಯಲು ಮಾಡುತ್ತಿದ್ದೇವೆ. ನೀವು ದತ್ತು ತೆಗೆದುಕೊಂಡರೆ ಬೇಸಿಗೆಯೊಳಗೆ ಕೆಲಸ ಮುಗಿಯುತ್ತದೆ” ಎಂದರು. ನಕ್ಷೆಯನ್ನೂ ತೋರಿಸಿದರು. ನಾನು ಶಿಕ್ಷಕಿ, ಮಕ್ಕಳು ಮುಖ ನೋಡುತ್ತಿದ್ದರು, ಮೂರು ಸಾವಿರ ರೂಪಾಯಿಯನ್ನು ಮೊಬೈಲಿನಲ್ಲೇ ಕಳುಹಿಸಿದೆ. ರಸೀದಿ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಮೇ ತಿಂಗಳಲ್ಲಿ ಮಗನ ಹಟಕ್ಕೆ ಮತ್ತೆ ಹೋದೆವು. ಫ್ಲೆಕ್ಸಿನ ಹುಲಿ ಬಿಸಿಲಿಗೆ ಬಿಳಿಚಿಕೊಂಡಿತ್ತು. ಅರ್ಧ ಎಕರೆಯ ಜಾಗದಲ್ಲಿ ಕಾರುಗಳು ನಿಂತಿದ್ದವು. ಕೊನೆಯ ಪಂಜರ ಖಾಲಿ. ನೀರು ಹಾಕುತ್ತಿದ್ದ ಹುಡುಗನನ್ನು ಕೇಳಿದರೆ, “ಅದು ಸತ್ತು ತಿಂಗಳಾಯಿತು” ಎಂದ. ಏಕೆ ಸತ್ತಿತು ಎಂದರೆ ಅವನಿಗೆ ಗೊತ್ತಿರಲಿಲ್ಲ. ಪಶುವೈದ್ಯರು ನೋಡಿರಲಿಲ್ಲ, ಮರಣೋತ್ತರ ಪರೀಕ್ಷೆಯೂ ಆಗಿರಲಿಲ್ಲ.

ಆಮೇಲೆ ನಾನು ತಿಳಿದುಕೊಂಡದ್ದನ್ನು ನೀವು ಮೊದಲೇ ತಿಳಿದಿರಿ. ಚಿಂಕಾರ ನಮ್ಮದೇ ಜಿಲ್ಲೆಯ ಪ್ರಾಣಿ, ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಯಡಹಳ್ಳಿ ವನ್ಯಧಾಮ ಇರುವುದೇ ಅದಕ್ಕಾಗಿ. ತಾಯಿ ಚಿಂಕಾರ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ, ಹಾಲುಣಿಸಲು ಮರಳಿ ಬರುತ್ತದೆ. ಹಾಗೆ ಮಲಗಿದ ಮರಿಯನ್ನು ನೋಡಿ ‘ತಾಯಿ ಬಿಟ್ಟುಹೋಗಿದೆ’ ಎಂದು ಎತ್ತಿಕೊಂಡು ಬರುವುದು ಉಳಿಸಿದಂತಲ್ಲ, ಕದ್ದಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚಿಂಕಾರ, ನಕ್ಷತ್ರ ಆಮೆ, ನಮ್ಮ ಮಾಮೂಲಿ ಹಸಿರು ಗಿಳಿ, ಯಾವುದನ್ನೂ ಖಾಸಗಿಯಾಗಿ ಹೀಗೆ ಇಟ್ಟುಕೊಳ್ಳುವಂತಿಲ್ಲ.

ಇನ್ನು ಮೃಗಾಲಯದ ಮಾತು. ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಇಲ್ಲದೆ ದೇಶದಲ್ಲಿ ಯಾರೂ ಮೃಗಾಲಯ ನಡೆಸುವಂತಿಲ್ಲ. 2009ರ ಮೃಗಾಲಯ ಮಾನ್ಯತೆ ನಿಯಮಗಳ ಪ್ರಕಾರ ವಾರಕ್ಕೆ ಒಂದು ದಿನವಾದರೂ ಬಾಗಿಲು ಮುಚ್ಚಲೇಬೇಕು, ಪ್ರಾಣಿಗಳಿಗೂ ಜನರ ಕಣ್ಣಿನಿಂದ ಬಿಡುವು ಬೇಕು. 365 ದಿನ ತೆರೆದಿರುತ್ತದೆ ಎನ್ನುವ ಜಾಗ ತನ್ನ ಗುಟ್ಟನ್ನು ತಾನೇ ಬಾಗಿಲ ಮೇಲೆ ಬರೆದುಕೊಂಡಂತೆ. ಹೊಸ ಆವರಣ ಕಟ್ಟುವುದಕ್ಕೂ ಮಾಸ್ಟರ್ ಪ್ಲಾನ್ ಬೇಕು, ಅದಕ್ಕೆ ಪ್ರಾಧಿಕಾರದ ಒಪ್ಪಿಗೆ ಬೇಕು. ಯಾರಾದರೂ ನಕ್ಷೆ ತೋರಿಸಿದರೆ ಆ ಒಪ್ಪಿಗೆ ಪತ್ರವನ್ನು ಕೇಳಿ.

ಮಾನ್ಯತೆ ಇದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದು ನಾನು ಹೇಳುತ್ತಿಲ್ಲ. ಬೆಳಗಾವಿ ಬಳಿಯ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ 2025ರ ನವೆಂಬರಿನಲ್ಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಸತ್ತದ್ದನ್ನು ಓದಿ ನಾವೆಲ್ಲ ಮರುಗಿದೆವು. ಆದರೆ ಅಲ್ಲಿ ವೈದ್ಯರು ಬಂದರು, ಮಾದರಿಗಳ ಪರೀಕ್ಷೆಯಾಯಿತು, ಕಾರಣ ಗಳಲೆ ರೋಗ ಎಂದು ತಿಳಿಯಿತು, ಊರಿಗೆ ಊರೇ ಪ್ರಶ್ನೆ ಕೇಳಿತು. ದನಕರುಗಳಿಗೆ ತಗಲುವ ಆ ರೋಗ ಅಷ್ಟು ವ್ಯವಸ್ಥೆ ಇರುವಲ್ಲೇ ಹೀಗೆ ಮಾಡಿದರೆ, ಡಾಬಾದ ಹಿತ್ತಲಲ್ಲಿ, ಅಲ್ಲಿನ ಎಮ್ಮೆಗಳ ಪಕ್ಕದಲ್ಲೇ ಕೂಡಿಹಾಕಿದ ಮರಿಯ ಗತಿ ಏನು? ಅದು ಸತ್ತದ್ದನ್ನು ಬರೆದಿಟ್ಟವರೂ ಇಲ್ಲ.

ಪ್ರಾಣಿಯನ್ನು ದತ್ತು ತೆಗೆದುಕೊಳ್ಳುವ ಮನಸ್ಸಿದ್ದರೆ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಯೋಜನೆಯೇ ಇದೆ. ಹಣ ಪ್ರಾಧಿಕಾರಕ್ಕೆ ಸೇರುತ್ತದೆ, ರಸೀದಿ ಸಿಗುತ್ತದೆ. ಯಾರದೋ ಮೊಬೈಲ್ ಸಂಖ್ಯೆಗೆ ಹಣ ಹಾಕಬೇಡಿ. ಇಂಥ ಜಾಗ ಕಂಡರೆ ಜಗಳಕ್ಕೆ ಇಳಿಯದೆ ಫೋಟೊ ತೆಗೆದುಕೊಳ್ಳಿ, ಪಾವತಿಯ ದಾಖಲೆ ಅಳಿಸಬೇಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಂದೇ ಕರೆ ಮಾಡಿ. ನಾನು ಮೊದಲ ದಿನವೇ ಮಾಡಿದ್ದರೆ ಆ ಮರಿ ಉಳಿಯುತ್ತಿತ್ತೇನೋ, ಈ ಮಾತು ನನ್ನನ್ನು ರಾತ್ರಿ ಮಲಗಲು ಬಿಡುವುದಿಲ್ಲ.

ಮೇ ತಿಂಗಳಲ್ಲಿ ಕೊಟ್ಟ ದೂರಿನ ಮೇಲೆ ಸಿಬ್ಬಂದಿ ಬಂದು ಗಿಳಿಗಳನ್ನೂ ಆಮೆಗಳನ್ನೂ ಒಯ್ದಿದ್ದಾರೆ. ಫ್ಲೆಕ್ಸ್ ಮಾತ್ರ ಇನ್ನೂ ನಿಂತಿದೆ. ಹೋದ ವಾರ ಆ ದಾರಿಯಲ್ಲಿ ಬಂದ ಅಣ್ಣ ಹೇಳಿದ: ಅದರ ಕೆಳಗಿದ್ದ ಮೊಬೈಲ್ ಸಂಖ್ಯೆಯ ಮೇಲೆ ಈಗ ಹೊಸ ಸಂಖ್ಯೆಯ ಚೀಟಿ ಅಂಟಿಸಿದ್ದಾರೆ.